ಅಪ್ಪ-ಅಮ್ಮನಿಗೆ ಟಿಕೆಟ್ ಬುಕ್ ಮಾಡುವ ಮುನ್ನ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಗಂಟೆಗಳ ಲೆಕ್ಕ

ಬೇ ಏರಿಯಾಕ್ಕೆ ಬಂದು ಮನೆ, ಕಾರು, ಮಕ್ಕಳ ಶಾಲೆ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ಮಾತು ಶುರುವಾಗುತ್ತದೆ. ಎಲ್ಲರೂ ಮೊದಲು ನೋಡುವುದು ಟಿಕೆಟ್ ದರ. ದಯವಿಟ್ಟು ಮೊದಲು ಗಂಟೆಗಳ ಲೆಕ್ಕ ಹಾಕಿ.

ಗ್ಲೋಬಿನ ಮೇಲೆ ದಾರ ಎಳೆದು ಹಿಡಿದರೆ ಎರಡು ನಿಲ್ದಾಣಗಳ ನಡುವೆ ಸುಮಾರು 14,000 ಕಿ.ಮೀ. ಆದರೆ ನಡುವೆ ವಿಮಾನ ಬದಲಿಸಿ ಬರುವವರ ದಾರಿ ಇದಕ್ಕಿಂತ ಉದ್ದ. ದುಬೈ ಮೇಲೆ ಬಂದರೆ ಹತ್ತಿರಹತ್ತಿರ 15,700 ಕಿ.ಮೀ.: ಮೊದಲು 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ. ಸಿಂಗಪುರದ ದಾರಿ ಅದಕ್ಕಿಂತ ಸಾವಿರ ಕಿ.ಮೀ. ಹೆಚ್ಚು, ಆದರೂ ಹಾರಾಟದ ಸಮಯ ಹೆಚ್ಚುಕಡಿಮೆ ಅಷ್ಟೇ. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ವಿಮಾನವನ್ನು ತಳ್ಳಿಕೊಂಡು ಬರುತ್ತದೆ. ವಾಪಸ್ ಹೋಗುವಾಗ ಅದೇ ಗಾಳಿ ಎದುರಾಗಿ, ಸಿಂಗಪುರದವರೆಗೆ 15ರ ಬದಲು 17 ಗಂಟೆ ಹಿಡಿಯುತ್ತದೆ. ಮಂಡಿನೋವು ಇರುವವರಿಗೆ ಫ್ರಾಂಕ್‌ಫರ್ಟ್ ದಾರಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. 10 ಗಂಟೆ, ಮತ್ತೆ ಹನ್ನೊಂದೂವರೆ: ಪ್ರಯಾಣ ಎರಡು ಪಾಲಾಗುತ್ತದೆ.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕಿ. ಮೈಸೂರಿನ ಮನೆಯಿಂದ ಶುಕ್ರವಾರ ಸಂಜೆ 7ಕ್ಕೆ ಹೊರಟರು, ದೇವನಹಳ್ಳಿಯಿಂದ ವಿಮಾನ ಬೆಳಗಿನ ಜಾವ 4ಕ್ಕೆ ಎಂದಿಟ್ಟುಕೊಳ್ಳಿ. ಹಾರಾಟ 20 ಗಂಟೆ, ನಡುವೆ ಕಾಯುವುದು 3 ಗಂಟೆ. ಇಲ್ಲಿ ಇಳಿದಾಗ ಶನಿವಾರವೇ, ಮಧ್ಯಾಹ್ನ 2:30! ಬೇಸಿಗೆಯಲ್ಲಿ ನಾವು ಊರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಗಡಿಯಾರ ಏನೇ ಹೇಳಲಿ, ಅವರು ಮನೆ ಬಿಟ್ಟು 32 ಗಂಟೆ ಆಗಿರುತ್ತದೆ. ಇಮಿಗ್ರೇಷನ್ ಸಾಲು ಇನ್ನೂ ಬಾಕಿ.

ಆದ್ದರಿಂದ ನಡುವೆ 3 ಗಂಟೆಗೆ ಕಡಿಮೆ ಬಿಡುವಿರುವ ಟಿಕೆಟ್ ಬೇಡ. ವೀಲ್‌ಚೇರನ್ನು ಬುಕ್ ಮಾಡುವಾಗಲೇ ಕೇಳಿ, ಅದಕ್ಕೆ ದುಡ್ಡಿಲ್ಲ. "ನಂಗೇನಾಗಿದೆ, ನಾನು ನಡೀತೀನಿ" ಅಂತ ಅಪ್ಪ ಹಟ ಮಾಡಬಹುದು. ಅದು ಕಾಲಿಗಲ್ಲ, ಗೇಟು ತೋರಿಸಲು ಜೊತೆಗೆ ಒಬ್ಬರು ಬರುತ್ತಾರೆ ಅಂತ ತಿಳಿಸಿ ಹೇಳಿ.

ನಮ್ಮಮ್ಮ ಮೊದಲ ಸಲ ಬಂದಾಗ ಬಿಪಿ ಮಾತ್ರೆ ದೊಡ್ಡ ಸೂಟ್‌ಕೇಸಿನಲ್ಲಿ, ಉಪ್ಪಿನಕಾಯಿ ಬಾಟಲಿ ಕೈಚೀಲದಲ್ಲಿ ಇತ್ತು. ಉಪ್ಪಿನಕಾಯಿ ಸೆಕ್ಯೂರಿಟಿಯಲ್ಲೇ ಹೋಯಿತು, ಮಾತ್ರೆ ಒಂದು ದಿನ ತಪ್ಪಿತು. ಮಾತ್ರೆ ಮತ್ತು ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತು ಹೇಗೆ ಬದಲಿಸಬೇಕೆಂದು ಡಾಕ್ಟರನ್ನು ಕೇಳಿಕೊಂಡೇ ಹೊರಡಲಿ. ಕರಿಬೇವು ತರುವುದೇ ಬೇಡ, ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಒಂದು ಹಾಳೆಯಲ್ಲಿ ನಿಮ್ಮ ವಿಳಾಸ, ಫೋನ್ ನಂಬರನ್ನು ಇಂಗ್ಲಿಷಿನಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಡಿಸಿ. ಫೋನ್ ಚಾರ್ಜ್ ಮುಗಿದಾಗ ಅದೇ ಗತಿ.

ಬಂದ ದಿನ ಸಂಜೆ 5ಕ್ಕೇ ಕಣ್ಣು ಎಳೆಯುತ್ತದೆ. ಮೊಮ್ಮಕ್ಕಳ ಜೊತೆ ಬಿಸಿಲಲ್ಲಿ ಒಂದು ಸುತ್ತು ಹಾಕಿಸಿ, ತಿಳಿಸಾರು ಅನ್ನ ಹಾಕಿ, 8 ಗಂಟೆಯವರೆಗೆ ಹೇಗಾದರೂ ಎಚ್ಚರವಿರಿಸಿ. ಆದರೂ ರಾತ್ರಿ 2ಕ್ಕೆ ಎದ್ದು ಕೂರುತ್ತಾರೆ. ಅಡುಗೆಮನೆಯ ದೀಪ ಹಾಕಿಟ್ಟು, ಒಲೆ ಹೊತ್ತಿಸುವುದು ಹೇಗೆಂದು ಮಲಗುವ ಮುಂಚೆಯೇ ತೋರಿಸಿ, ಕಾಫಿಪುಡಿ ಡಬ್ಬ ಕೈಗೆ ಸಿಗುವ ಹಾಗೆ ಇಡಿ.