.22 ರೈಫಲ್ ಕೊಳ್ಳುವಾಗ ಬೆಲೆಯನ್ನೂ ನಿಖರತೆಯನ್ನೂ ತೂಗುವುದು ಹೇಗೆ?

ತುಮಕೂರಿನ ಕಾಲೇಜುಗಳಲ್ಲಿ ಎನ್‌ಸಿಸಿ ಸೇರಿದವರಲ್ಲಿ ಅನೇಕರು ಮೊದಲು ಹಿಡಿದ ಬಂದೂಕು ಬೋಲ್ಟ್ ಎಳೆದು ಗುಂಡು ತುಂಬುವ .22 ರೈಫಲ್, ಅಂದರೆ ಬ್ಯಾರೆಲ್‌ನ ಒಳ ಅಳತೆ ಸುಮಾರು 0.22 ಇಂಚು ಇರುವ ರೈಫಲ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದ ಮೇಲೆ, ಈ ಕ್ರೀಡೆಯನ್ನು ಗಂಭೀರವಾಗಿ ಕಲಿಯಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ರೈಫಲ್ ಕೊಳ್ಳಬೇಕೆಂದು. ದುಬಾರಿ ರೈಫಲ್ ನಿಖರವಾಗಿರುತ್ತದೆ ಎಂಬುದು ಬಹುಮಟ್ಟಿಗೆ ನಿಜ. ಆದರೆ ಆ ನಿಖರತೆ ಕೊಳ್ಳುವವರ ಕೈಗೆ ದಕ್ಕುತ್ತದೆಯೇ ಎಂಬುದನ್ನು ಅಳೆದು ನೋಡಿದ ಮೇಲೆಯೇ ಹಣ ತೆಗೆಯಬೇಕು.

ಕಾನೂನಿನ ವಿಷಯವನ್ನು ಮೊದಲೇ ಮುಗಿಸಿಕೊಳ್ಳೋಣ. .22 ರೈಫಲ್‌ಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ಜಿಲ್ಲೆಯವರಿಗಿಲ್ಲ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗಳ ಕಚೇರಿಗೆ, ಪೊಲೀಸ್ ವರದಿ ಬಂದ ಮೇಲೆಯೇ ತೀರ್ಮಾನ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕ ಕ್ರೀಡಾಪಟುಗಳಿಗೆ ನಿಯಮಗಳಲ್ಲಿ ಪ್ರತ್ಯೇಕ ಏರ್ಪಾಡಿದೆ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಲೈಸೆನ್ಸನ್ನು ಗುರಿ ಅಭ್ಯಾಸದ ರೈಫಲ್‌ಗೆ ಬಳಸಬಹುದೆಂದು ಯಾರೂ ಊಹಿಸಿಕೊಳ್ಳಬಾರದು. ಲೈಸೆನ್ಸ್ ಕೈಸೇರುವವರೆಗೆ .177 ಇಂಚು ಅಳತೆಯ, ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ನಲ್ಲಿ ಅಭ್ಯಾಸ ನಡೆಸಬಹುದು. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಅಲ್ಲಿ ಕಲಿತ ಉಸಿರಿನ ಹಿಡಿತವೂ ಟ್ರಿಗರ್ ಒತ್ತುವ ಹದವೂ ಮುಂದೆ ಹಾಗೆಯೇ ಉಪಯೋಗಕ್ಕೆ ಬರುತ್ತವೆ.

ಇನ್ನು ಬೆಲೆ. ಅಂಗಡಿಯಲ್ಲಿ ಹೇಳುವ ಬೆಲೆಯಲ್ಲಿ ಎರಡು ಪಾಲು ಬೆರೆತಿರುತ್ತವೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ವಿದೇಶಿ ರೈಫಲ್‌ಗಳನ್ನು ಸಾಮಾನ್ಯ ಲೈಸೆನ್ಸುದಾರರು ತಾವಾಗಿ ಆಮದು ಮಾಡಿಕೊಳ್ಳುವಂತಿಲ್ಲ. ಆ ಅವಕಾಶ ಪ್ರಖ್ಯಾತ ಶೂಟರ್ ಎಂಬ ಮಾನ್ಯತೆ ಪಡೆದವರಿಗಿದೆ. ಆದ್ದರಿಂದ ಹಿಂದೆಂದೋ ದೇಶಕ್ಕೆ ಬಂದು ಕೈಯಿಂದ ಕೈಗೆ ದಾಟುತ್ತಿರುವ ಜರ್ಮನಿಯ ಆನ್‌ಶುಟ್ಜ್, ಜೆಕ್ ನಾಡಿನ ಬ್ರನೊ ರೈಫಲ್‌ಗಳ ಬೆಲೆಯಲ್ಲಿ ಅವುಗಳ ಗುಣದ ಪಾಲಿನಷ್ಟೇ ಕೊರತೆಯ ಪಾಲೂ ಇರುತ್ತದೆ. ಕೊರತೆಗೆ ಕೊಟ್ಟ ಹಣ ಗುಂಡನ್ನು ಗುರಿಹಾಳೆಯ ನಡುವಿನ ಹತ್ತು ಅಂಕದ ವೃತ್ತದೊಳಗೆ ಕೂರಿಸುವುದಿಲ್ಲ. ನಮ್ಮ ಆರ್ಡ್ನನ್ಸ್ ಕಾರ್ಖಾನೆಯ .22 ಸ್ಪೋರ್ಟಿಂಗ್ ರೈಫಲ್ ಅಂಥ ಹೆಸರು ಪಡೆದಿಲ್ಲದಿರಬಹುದು, ಆದರೆ ಕಲಿಯುವವರು ಅದನ್ನು ಪರೀಕ್ಷಿಸದೆ ಪಕ್ಕಕ್ಕಿಡುವುದು ಸರಿಯಲ್ಲ.

ಮೊದಲು ನಿಮ್ಮ ಕೈಯನ್ನು ಅಳೆಯಿರಿ

50 ಮೀಟರ್ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ., ಗುಂಡಿನ ದಪ್ಪವೇ ಸುಮಾರು 5.6 ಮಿ.ಮೀ. ಕ್ಲಬ್ಬಿನಲ್ಲಿ ಚೆನ್ನಾಗಿ ಹೊಡೆಯುತ್ತದೆಂದು ಗೊತ್ತಿರುವ ರೈಫಲ್ ಒಂದನ್ನು ಕೇಳಿ ಪಡೆದು, ತರಬೇತುದಾರರ ಎದುರಿನಲ್ಲಿ, ನೀವು ಸ್ಪರ್ಧಿಸಲಿರುವ ಭಂಗಿಯಲ್ಲೇ ಹತ್ತತ್ತು ಗುಂಡುಗಳ ಕೆಲವು ಗುಂಪುಗಳನ್ನು ಹೊಡೆಯಿರಿ. ಪ್ರತಿ ಗುಂಪಿನಲ್ಲಿ ಅತಿ ದೂರವಿರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ 5.6 ಮಿ.ಮೀ. ಕಳೆದರೆ ಗುಂಪಿನ ಹರವು ಸಿಗುತ್ತದೆ. ಆ ಹರವುಗಳ ಸರಾಸರಿ ತೆಗೆಯಿರಿ.

ಈ ಲೆಕ್ಕವನ್ನೇಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಕೈಯ ತಪ್ಪೂ ರೈಫಲ್‌ನ ತಪ್ಪೂ ನೇರವಾಗಿ ಕೂಡಿಕೊಳ್ಳುವುದಿಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಬರುವಷ್ಟು ಹರವು ಹಾಳೆಯ ಮೇಲೆ ಸರಿಸುಮಾರಾಗಿ ಕಾಣುತ್ತದೆ. ನಿಮ್ಮ ಕೈಯ ಹರವು 60 ಮಿ.ಮೀ., ಅಗ್ಗದ ರೈಫಲ್‌ನದು 25, ದುಬಾರಿಯದು 12 ಎಂದಿಟ್ಟುಕೊಳ್ಳಿ. ಅಗ್ಗದ್ದರಲ್ಲಿ ಒಟ್ಟು ಹರವು 65 ಮಿ.ಮೀ., ದುಬಾರಿಯದರಲ್ಲಿ 61. ಅಷ್ಟೊಂದು ಹಣ ಸುರಿದು ಗಳಿಸಿದ್ದು 4 ಮಿ.ಮೀ. ಮಾತ್ರ. ಅದೇ ಕೈ ಪಳಗಿ ಅದರ ಹರವು 15 ಮಿ.ಮೀ.ಗೆ ಇಳಿದಾಗ ಅಗ್ಗದ್ದು 29, ದುಬಾರಿಯದು 19 ಕೊಡುತ್ತದೆ. ಅಂಥವರಿಗೆ ಪಂದ್ಯದ ದರ್ಜೆಯ ರೈಫಲ್‌ಗೆ ಹಣ ಹಾಕುವುದು ನ್ಯಾಯವೇ ಸರಿ. ಕಲಿಕೆಯ ಮೊದಲ ವರ್ಷಗಳಲ್ಲಿ ಮಧ್ಯಮ ಬೆಲೆಯ ರೈಫಲ್ ಕೊಂಡು, ಉಳಿದ ಹಣವನ್ನು ತೋಟಾಗಳಿಗೂ ರೇಂಜ್ ಶುಲ್ಕಕ್ಕೂ ಮೀಸಲಿಡಬೇಕೆಂಬ ನನ್ನ ಅಭಿಪ್ರಾಯಕ್ಕೆ ಈ ಲೆಕ್ಕವೇ ಆಧಾರ.

ತೋಟಾಗಳಿಗೆ ಹಣವಿಡಿ

.22 ರೈಫಲ್‌ನ ತೋಟಾ ರಿಮ್‌ಫೈರ್ ಬಗೆಯದು; ಅದರಲ್ಲಿ ಸಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ, ಮನೆಯಲ್ಲಿ ಮರುತುಂಬಿ ಹದಗೊಳಿಸಲು ಬರುವುದಿಲ್ಲ. ಹಾಗಾಗಿ ಕಾರ್ಖಾನೆ ಕೊಟ್ಟ ಏಕರೂಪತೆಯೇ ಕೊನೆ. ಸೆಕೆಂಡಿಗೆ 325 ಮೀಟರ್ ವೇಗದ ಗುಂಡಿನ ನಂತರ 315 ಮೀಟರ್ ವೇಗದ್ದೊಂದು ಹೊರಟರೆ, 50 ಮೀಟರ್ ತಲುಪುವಷ್ಟರಲ್ಲಿ ಅದು ಏಳು ಮಿಲಿಮೀಟರಿಗಿಂತ ಹೆಚ್ಚು ಕೆಳಗೆ ಬೀಳುತ್ತದೆ. 10.4 ಮಿ.ಮೀ. ವೃತ್ತದಲ್ಲಿ ಇದು ಸಣ್ಣ ತಪ್ಪಲ್ಲ. ಬ್ಯಾರೆಲ್‌ನ ಬೆಲೆ ಹೆಚ್ಚಿದ ಮಾತ್ರಕ್ಕೆ ಇದು ತಿದ್ದಿಹೋಗುವುದಿಲ್ಲ. ಹೈ ವೆಲಾಸಿಟಿ ಎಂದು ಬರೆದ ತೋಟಾ ನಿಖರತೆಯಲ್ಲಿ ಮೇಲೆಂಬ ನಂಬಿಕೆಯೂ ತಪ್ಪು. ಶಬ್ದದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೊರಟ ಗುಂಡು ದಾರಿಯಲ್ಲಿ ಆ ವೇಗಕ್ಕೆ ಇಳಿಯುವಾಗ ಅಲುಗುತ್ತದೆಯಾದ್ದರಿಂದ, ಗುರಿಸ್ಪರ್ಧೆಯ ತೋಟಾಗಳನ್ನು ಶಬ್ದದ ವೇಗಕ್ಕಿಂತ ಕಡಿಮೆ ಇರುವಂತೆಯೇ ತಯಾರಿಸುತ್ತಾರೆ.

ರೈಫಲ್ ಎದುರಿಗಿರುವಾಗ

ಬಂದೂಕು ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬೋಲ್ಟ್ ಹೊರತೆಗೆಯಿರಿ. ಹಿಂದಿನಿಂದ ಬೆಳಕಿನ ಕಡೆ ಬ್ಯಾರೆಲ್‌ನೊಳಗೆ ನೋಡಿದಾಗ ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿ ಬ್ಯಾರೆಲ್ ಉಬ್ಬಿದೆಯೆಂದು ಅನುಮಾನಿಸಬೇಕು. ಅಂಥ ರೈಫಲ್ ಅಗ್ಗವಾದರೂ ಬೇಡ. ತೋಟಾ ಕೂರುವ ಚೇಂಬರಿನ ಅಂಚನ್ನು ಟಾರ್ಚ್ ಹಾಕಿ ನೋಡಿ. ತೋಟಾ ಇಲ್ಲದೆ ಪದೇ ಪದೇ ಟ್ರಿಗರ್ ಒತ್ತಿದ ರಿಮ್‌ಫೈರ್ ರೈಫಲ್‌ಗಳಲ್ಲಿ ಫೈರಿಂಗ್ ಪಿನ್ ಆ ಅಂಚಿಗೆ ಬಡಿದು ಚಿಕ್ಕದೊಂದು ತಗ್ಗು ಮಾಡಿರುತ್ತದೆ, ಬೆರಳುಗುರು ಆಡಿಸಿದರೆ ಅದು ತಾಕುತ್ತದೆ. ಮೂತಿಯ ಅಂಚಿನ ಪೆಟ್ಟನ್ನಂತೂ ಎಂದಿಗೂ ಕಡೆಗಣಿಸಬಾರದು, ಏಕೆಂದರೆ ಗುಂಡು ಬ್ಯಾರೆಲ್ ಬಿಡುವ ಕ್ಷಣದಲ್ಲಿ ಅದನ್ನು ಕೊನೆಯದಾಗಿ ಮುಟ್ಟುವುದು ಆ ಅಂಚು. ಬ್ಯಾರೆಲ್ ಮರದ ಹಿಡಿಕೆಗೆ ತಾಗದಂತೆ ಕೂರಿಸಿದ ರೈಫಲ್ ಆಗಿದ್ದರೆ ನಡುವೆ ಒಂದು ನೋಟನ್ನು ತೂರಿಸಿ ಹಿಂದಕ್ಕೆಳೆಯಿರಿ. ನಡುವಿನಲ್ಲಿ ಸಿಕ್ಕಿಕೊಂಡರೆ ಹಿಡಿಕೆಯ ಮರ ಬಾಗಿರಬಹುದು. ಇದು ರಿಪೇರಿಗೆ ಬಗ್ಗುವ ದೋಷ, ಬೆಲೆ ಇಳಿಸಿ ಕೇಳಲು ಸಾಕು. ಟ್ರಿಗರ್ ಪ್ರತಿ ಸಲವೂ ಒಂದೇ ಒತ್ತಡಕ್ಕೆ, ಎಳೆದಾಟವಿಲ್ಲದೆ ಬಿಡಬೇಕು. ಅದು ಎಷ್ಟು ಹಗುರ ಎಂಬುದು ಅನಂತರದ ಮಾತು.

ಹೊಡೆದು ನೋಡುವುದು ಅಧಿಕೃತ ರೇಂಜಿನಲ್ಲೇ ಆಗಬೇಕು. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರಿಗಿಂತಲೂ ದೂರ ಹೋಗಬಲ್ಲದು, ನಮ್ಮ ಕಡೆಯ ಗ್ರಾನೈಟ್ ಬಂಡೆಗೆ ತಾಗಿದರೆ ಎತ್ತ ಪುಟಿಯುತ್ತದೆಂದು ಹೇಳಲಾಗದು. ಮಧುಗಿರಿಯ ಬಯಲಾಗಲಿ ದೇವರಾಯನದುರ್ಗದ ತಪ್ಪಲಾಗಲಿ ಇದಕ್ಕೆ ಜಾಗವಲ್ಲ. ಮರಳು ಚೀಲದ ಮೇಲೆ ರೈಫಲ್ ಆನಿಸಿ, ಎರಡು ಮೂರು ಬಗೆಯ ತೋಟಾಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ. ತೋಟಾ ಬದಲಿಸಿದಾಗ ಮೊದಲ ಕೆಲವು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಳೆಯ ತೋಟಾದ ಮೇಣ ಬ್ಯಾರೆಲ್‌ನಲ್ಲಿ ಇನ್ನೂ ಉಳಿದಿರುತ್ತದೆ. ಮಾರುವವರು ತೋರಿಸುವ ಮೂರು ಗುಂಡಿನ ಅಂದವಾದ ಗುಂಪು ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಹತ್ತರ ಗುಂಪುಗಳ ಸರಾಸರಿಯನ್ನೇ ಕೇಳಿ. ಒಂದು ತೋಟಾದಲ್ಲಿ 35 ಮಿ.ಮೀ. ಚೆದುರಿದ ರೈಫಲ್ ಇನ್ನೊಂದರಲ್ಲಿ 18ಕ್ಕೆ ಬಂದರೆ, ಆ ಅಂತರಕ್ಕೆ ಬೇಕಾದದ್ದು ಬೇರೆ ರೈಫಲ್ ಅಲ್ಲ, ಸರಿಯಾದ ತೋಟಾ. ಆ ಪೆಟ್ಟಿಗೆಯ ಮೇಲಿರುವ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಸಂಖ್ಯೆಯನ್ನು ಬರೆದಿಟ್ಟುಕೊಂಡು, ಲೈಸೆನ್ಸಿನಲ್ಲಿ ನಮೂದಿಸಿದ ಮಿತಿಯೊಳಗೆ ಅದೇ ಲಾಟಿನ ತೋಟಾಗಳನ್ನು ಸಿಕ್ಕಷ್ಟು ಕೊಂಡಿಡಿ. ಅದೇ ಹೆಸರಿನ ಮುಂದಿನ ಲಾಟ್ ಬಂದಾಗ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.