ಫೈಟರ್ ಮೀನು ಮಂಕಾಗಿದೆಯೇ? ಔಷಧಕ್ಕಿಂತ ಮೊದಲು ನೀರು ನೋಡಿ

ರಾತ್ರಿ ಮಲಗುವಾಗ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನೋಡಿದರೆ ಬೆಟ್ಟಾ, ಅಂದರೆ ನಮ್ಮ ಫೈಟರ್ ಮೀನು, ರೆಕ್ಕೆ ಮುದುಡಿಕೊಂಡು ಮೂಲೆ ಸೇರಿದೆ. ಇಂಥ ಹೊತ್ತಲ್ಲಿ ಕೈ ಸೀದಾ ನೀಲಿ ಔಷಧದ ಬಾಟಲಿಗೆ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಹನಿ ಹಾಕಿದಷ್ಟೂ ಮೀನು ಏದುಸಿರು ಬಿಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ವಿಷಯ ಗೊತ್ತಾಯಿತು. ಹಿಂದಿನ ದಿನ ನಮ್ಮ ಕಟ್ಟಡದ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪುಡಿ ಹಾಕಿದ್ದರು. ಅದೇ ನೀರನ್ನು ನಾನು ರಾತ್ರಿ ಮೀನಿನ ತೊಟ್ಟಿಗೆ ಸುರಿದಿದ್ದೆ. ಆ ಪುಡಿಯ ಕ್ಲೋರಿನ್ ತಾಗಿತ್ತಷ್ಟೇ, ಮೀನಿಗೆ ರೋಗವೇ ಇರಲಿಲ್ಲ.

ಮೊದಲು ಐದು ನಿಮಿಷ ಸುಮ್ನೆ ನೋಡಿ

ತೊಟ್ಟಿಯ ಲೈಟ್ ಆರಿಸಿ, ಸ್ವಲ್ಪ ದೂರ ಕೂತು ನೋಡಿ. ಗಾಜು ತಟ್ಟಬೇಡಿ. ಬೆಟ್ಟಾ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವುದು ಮಾಮೂಲು. ಕಿವಿರಿನ ಜೊತೆಗೆ ಗಾಳಿಯಿಂದಲೇ ಉಸಿರಾಡುವ ಇನ್ನೊಂದು ಅಂಗ ಅದಕ್ಕಿದೆ. ಎಲೆಯ ಮೇಲೆ ಒರಗಿ ಮಲಗುವುದೂ ಅದರ ಅಭ್ಯಾಸ. ಆದರೆ ಮೇಲೆಯೇ ನಿಂತು ಬಾಯಿ ಬಡಿಯುತ್ತಿದ್ದರೆ, ಬಣ್ಣ ಪೇಲವವಾಗಿದ್ದರೆ, ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದರೆ ಏನೋ ಎಡವಟ್ಟಾಗಿದೆ. ಮರಿಗಳಲ್ಲಿ, ಹೆಣ್ಣುಗಳಲ್ಲಿ ತಲೆಯಿಂದ ಬಾಲದ ಕಡೆಗೆ ಅಡ್ಡ ಪಟ್ಟೆ ಕಂಡರೆ ಹೆದರಿಕೆ, ಒತ್ತಡದ ಗುರುತು. ಹೆಣ್ಣಿನ ಮೈಮೇಲೆ ಮೇಲಿಂದ ಕೆಳಕ್ಕೆ ಪಟ್ಟೆ ಬಂದಿದ್ದರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಮೊಟ್ಟೆ ಇಡಲು ಸಿದ್ಧವಾಗಿರುವುದರ ಲಕ್ಷಣ.

ಮನೆಯವರನ್ನು ವಿಚಾರಿಸಿ

ಎರಡು ದಿನದಲ್ಲಿ ಏನು ಬದಲಾಯಿತು? ನೀರು ಬದಲಾಯಿಸಿದ್ದು ಯಾರು, ಎಲ್ಲಿಯ ನೀರು? ಕಾವೇರಿ ನೀರು ಬರಲಿಲ್ಲವೆಂದು ಟ್ಯಾಂಕರ್ ತರಿಸಿದಿರಾ? ಪಕ್ಕದಲ್ಲಿ ಕನ್ನಡಿ ಇಟ್ಟಿದ್ದೀರಾ? ತನ್ನದೇ ಬಿಂಬದ ಜೊತೆ ದಿನವಿಡೀ ಜಗಳಕ್ಕೆ ನಿಂತರೆ ಮೀನು ಸೋತುಹೋಗುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಯಾರೂ ಅನುಮಾನಿಸದ ಕಳ್ಳ ಒಬ್ಬನಿದ್ದಾನೆ: ಸೊಳ್ಳೆ ಬತ್ತಿ. ಬತ್ತಿ, ಲಿಕ್ವಿಡ್ ಮಷಿನ್, ಜಿರಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನುಗಳಿಗೆ ಕಡುವಿಷ. ನೀರಿನ ಮೇಲಿನ ಗಾಳಿಯನ್ನೇ ಕುಡಿಯುವ ಬೆಟ್ಟಾದ ಕೋಣೆಯಲ್ಲಿ ಇವು ಬೇಡವೇ ಬೇಡ.

ಈಗ ನೀರಿನ ಪರೀಕ್ಷೆ

ಥರ್ಮಾಮೀಟರ್ ಮೊದಲು. ಬೆಟ್ಟಾ ಥಾಯ್ಲೆಂಡ್ ಕಡೆಯ ಬೆಚ್ಚನೆ ನೀರಿನ ಮೀನು, ಅದಕ್ಕೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಹೀಟರ್ ಇಲ್ಲದ ಸಣ್ಣ ಬೌಲ್ ರಾತ್ರೋರಾತ್ರಿ ತಣ್ಣಗಾಗುತ್ತದೆ. ಮೀನು ಮಂಕಾಗಲು ಅಷ್ಟೇ ಸಾಕು.

ಆಮೇಲೆ ಟೆಸ್ಟ್ ಕಿಟ್. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಒಳಗಿದ್ದರೆ ಒಳ್ಳೆಯದು. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಮೀನು ಹುಷಾರು ತಪ್ಪುವುದು ಇದಕ್ಕೇ. ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದರೂ ಆ ಬ್ಯಾಕ್ಟೀರಿಯಾ ಹೋಗಿ ಕಥೆ ಅದೇ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ ತೊಳೆಯಿರಿ. ಬೋರ್‌ವೆಲ್ ನೀರಿನ ಪಿಎಚ್ ಜಾಸ್ತಿ ಇದ್ದರೆ ಅದೇ ಪ್ರಮಾಣದ ಅಮೋನಿಯ ಇನ್ನೂ ವಿಷವಾಗುತ್ತದೆ.

ಟಾರ್ಚ್ ಹಿಡಿದು ಮೈ ನೋಡಿ

ಕೋಣೆ ಕತ್ತಲು ಮಾಡಿ, ಬೆಳಕನ್ನು ಓರೆಯಾಗಿ ಬಿಡಿ. ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ಇದ್ದರೆ ಇಚ್ ಎಂಬ ಪರಾವಲಂಬಿ ರೋಗ. ಅರಿಶಿನ ಚಿಮುಕಿಸಿದಂತೆ ಹೊಂಬಣ್ಣದ ಪುಡಿ ಮಿಂಚಿದರೆ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ಇದು ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಆದರೆ ಬೇಗ ಕೊಲ್ಲುತ್ತದೆ. ಬಾಯಿಯ ಸುತ್ತ ಅಥವಾ ಬೆನ್ನ ಮೇಲೆ ಹತ್ತಿಯಂಥ ಬಿಳಿ ಮಚ್ಚೆ ಕಂಡರೆ ಕಾಲಂನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಆಗ ನೀರು ಬಿಸಿ ಮಾಡಲು ಹೋಗಬೇಡಿ, ಕಾವು ಏರಿದಷ್ಟೂ ಅದು ಬೇಗ ಹರಡುತ್ತದೆ. ರೆಕ್ಕೆಯ ಅಂಚು ಕಪ್ಪಾಗಿ ಅಥವಾ ಕೆಂಪಾಗಿ ಸವೆಯುತ್ತಿದ್ದರೆ ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ. ಒಂದೇ ಕಡೆ ನೇರವಾಗಿ ಹರಿದಿದ್ದರೆ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿಕೊಂಡಿರಬೇಕು.

ಕೊನೆಗೆ ಮೇಲಿನಿಂದ ನೋಡಿ. ಹುರುಪೆಗಳೆಲ್ಲ ಬಿಚ್ಚಿದ ಪೈನ್ ಕಾಯಿಯಂತೆ ಎದ್ದು ನಿಂತಿದ್ದರೆ ಡ್ರಾಪ್ಸಿ, ಅಂದರೆ ಮೈಯೊಳಗೆ ನೀರು ತುಂಬಿಕೊಂಡಿದೆ. ಈ ಹಂತ ಮುಟ್ಟಿದ ಮೀನು ಉಳಿಯುವುದು ತೀರಾ ಅಪರೂಪ. ಬರೀ ಹೊಟ್ಟೆ ಉಬ್ಬಿ ಓಲಾಡುತ್ತಿದ್ದರೆ ಮಲಬದ್ಧತೆ ಇರಬಹುದು. ದಿನಕ್ಕೆ ಹತ್ತು ಹನ್ನೆರಡು ಕಾಳು ಹಾಕುವ ಪ್ರೀತಿಯ ಅಜ್ಜಿ ಮನೆಯಲ್ಲಿದ್ದರೆ ಇನ್ನೇನಾದೀತು?

ತಕ್ಷಣ ಮಾಡಬೇಕಾದ್ದು

ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ, ಕ್ಲೋರಿನ್ ತೆಗೆಯುವ ಆ್ಯಂಟಿ ಕ್ಲೋರಿನ್ ಹನಿ ಹಾಕಿರಲಿ. ಕ್ಲೋರಿನ್ ಅನುಮಾನ ಇದ್ದರೆ ತೊಟ್ಟಿಗೇ ಆ ಹನಿ ಹಾಕಿ, ಕಾಯಬೇಡಿ. ತುಂಬಾ ದಿನದಿಂದ ಬದಲಿಸದ ನೀರನ್ನು ಒಂದೇ ಸಲ ಪೂರ್ತಿ ಚೆಲ್ಲಿದರೆ ಗಾಯದ ಮೇಲೆ ಬರೆ ಎಳೆದಂತೆ. ಎರಡು ದಿನ ಊಟ ಬೇಡ. ಫಿಲ್ಟರ್‌ನ ರಭಸ ತಗ್ಗಿಸಿ.

ಮಲಬದ್ಧತೆಗೆ 20 ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ) ಕರಗಿಸಿ ಹಾಕಬಹುದು. ಉಳಿದ ಔಷಧವೇನಿದ್ದರೂ ರೋಗದ ಹೆಸರು ಗಟ್ಟಿಯಾದ ಮೇಲೆ, ಒಂದು ಸಲಕ್ಕೆ ಒಂದೇ. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಔಷಧವನ್ನು ಅದೇ ಹೀರಿಕೊಳ್ಳುತ್ತದೆ.

ಆ ದಿನ ನಾನು ನೀಲಿ ನೀರು ತೆಗೆದು, ಆ್ಯಂಟಿ ಕ್ಲೋರಿನ್ ಹಾಕಿದ ನೀರು ತುಂಬಿ, ತೊಟ್ಟಿಗೆ ಟವೆಲ್ ಹೊದಿಸಿದ್ದೆ. ಮೂರನೇ ದಿನ ಮೀನು ಒಂದು ಕಾಳು ತಿಂತು. ಎರಡನೆಯದನ್ನು ಉಗುಳಿತು.