ರಕ್ತ ಕೇಳುವ ಮುನ್ನ: ಮೂಲನಿವಾಸಿಗಳ ನಡುವೆ ಹೆಪಟೈಟಿಸ್ ಬಿ ಮತ್ತು ಯಕೃತ್ತಿನ ಕ್ಯಾನ್ಸರ್ ಅಧ್ಯಯನ ನಡೆಸುವ ಬಗೆ

ಆಸ್ಟ್ರೇಲಿಯಾದ ಉತ್ತರ ಭಾಗದಲ್ಲೋ ಅಲಾಸ್ಕದಲ್ಲೋ ಮೂಲನಿವಾಸಿಗಳ ಆರೋಗ್ಯಕ್ಕೆ ಸಂಬಂಧಿಸಿದ ಅಧ್ಯಯನಕ್ಕೆ ಸೇರಲಿರುವ ಕನ್ನಡದ ವೈದ್ಯರು, ನರ್ಸುಗಳು ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಈ ಬರಹ. ಕೆಲಸಕ್ಕೆ ಇಳಿಯುವ ಮೊದಲು ಒಂದು ಹಳೆಯ ಬಾಕಿಯನ್ನು ತಿಳಿದುಕೊಳ್ಳಬೇಕು. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಮತ್ತು ಅವರ ಸಂಗಡಿಗರು, ಅನೇಕ ಸಲ ರಕ್ತ ಪಡೆದಿದ್ದ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯೊಬ್ಬರ ರಕ್ತಸಾರವನ್ನು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತಸಾರದ ಎದುರು ಇಟ್ಟು ನೋಡಿದಾಗ, ಅದುವರೆಗೆ ಗೊತ್ತಿಲ್ಲದ ಪ್ರತಿಜನಕವೊಂದು (ಆಂಟಿಜೆನ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುವ ವಸ್ತು) ಕಂಡುಬಂತು. ಅದಕ್ಕೆ ಅವರು ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಿಟ್ಟರು. ಅದು ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈಯ ಭಾಗವೆಂದು ಆಮೇಲೆ ತಿಳಿಯಿತು. ಇಂದು ಎಚ್‌ಬಿಎಸ್‌ಎಜಿ ಪರೀಕ್ಷೆಯಲ್ಲಿ ಹುಡುಕುವುದು ಅದನ್ನೇ. ಆ ಶೋಧದಿಂದ ರಕ್ತನಿಧಿಗಳು ಸುರಕ್ಷಿತವಾದವು, ಲಸಿಕೆ ಬಂತು, 1976ರಲ್ಲಿ ಬ್ಲಂಬರ್ಗ್ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಈ ಸೋಂಕು ಬಹುಕಾಲ ಉಳಿದರೆ ಬರಬಹುದಾದ ಯಕೃತ್ತಿನ ಕ್ಯಾನ್ಸರ್, ಆಸ್ಟ್ರೇಲಿಯಾದ ಉತ್ತರದ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಮೂಲನಿವಾಸಿಗಳಲ್ಲಿ ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿಯೇ ಉಳಿಯಿತು. ಹಾಗಾಗಿ ನಿಮ್ಮ ಅಧ್ಯಯನದ ಮೊದಲ ಪುಟದಲ್ಲಿ, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಎಂಬುದಕ್ಕಿಂತ ಮೊದಲು, ರಕ್ತ ಕೊಟ್ಟವರಿಗೆ ಏನು ಮರಳಲಿದೆ ಎಂಬುದನ್ನು ಬರೆದಿಡಿ.

ಅನುಮತಿಯನ್ನು ಎರಡು ಹಂತಗಳಲ್ಲಿ ಪಡೆಯಬೇಕು. ಒಬ್ಬೊಬ್ಬರ ಸಹಿಗೆ ಮೊದಲು ಸಮುದಾಯದ ಒಪ್ಪಿಗೆ ಬೇಕು: ಅಲಾಸ್ಕದಲ್ಲಿ ಬುಡಕಟ್ಟುಗಳದೇ ಆದ ಆರೋಗ್ಯ ಸಂಸ್ಥೆಗಳ ಒಪ್ಪಿಗೆ, ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳೇ ನಡೆಸುವ ಆರೋಗ್ಯ ಕೇಂದ್ರಗಳ ಮತ್ತು ಹಿರಿಯರ ಒಪ್ಪಿಗೆ. ಇದನ್ನು ಬರಿಯ ಔಪಚಾರಿಕತೆ ಎಂದು ಭಾವಿಸುವವರು ಅಮೆರಿಕದ ಅರಿಜೋನಾದ ಹವಸುಪಾಯ್ ಎಂಬ ಮೂಲನಿವಾಸಿ ಜನರ ಪ್ರಕರಣವನ್ನು ಓದಬೇಕು. ಮಧುಮೇಹದ ಅಧ್ಯಯನಕ್ಕೆಂದು ನಂಬಿ ಅವರು ಕೊಟ್ಟ ರಕ್ತವನ್ನು ಮನೋರೋಗ ಮತ್ತು ಪೂರ್ವಿಕರ ವಲಸೆಯಂಥ ಬೇರೆ ವಿಷಯಗಳ ಸಂಶೋಧನೆಗೂ ಬಳಸಲಾಗಿತ್ತು. ವ್ಯಾಜ್ಯ 2010ರಲ್ಲಿ ರಾಜಿಯಾಗಿ, ಪರಿಹಾರದ ಜೊತೆಗೆ ಉಳಿದ ಮಾದರಿಗಳೂ ಅವರ ಕೈಗೆ ಮರಳಿದವು. ಆದ್ದರಿಂದ ಇಂದಿನ ಪರೀಕ್ಷೆಗೆ ಒಂದು ಒಪ್ಪಿಗೆ, ಮಾದರಿಯನ್ನು ಶೀತಲ ಪೆಟ್ಟಿಗೆಯಲ್ಲಿ ಉಳಿಸಿಕೊಳ್ಳಲು ಇನ್ನೊಂದು, ವೈರಸ್ಸಿನದಲ್ಲದೆ ಮನುಷ್ಯನದೇ ವಂಶವಾಹಿಗಳನ್ನು ನೋಡುವುದಾದರೆ ಮತ್ತೊಂದು ಒಪ್ಪಿಗೆಯನ್ನು ಬೇರೆ ಬೇರೆಯಾಗಿ ಕೇಳಿರಿ.

ನಂತರದ ಕೆಲಸ ಭಾಷೆಯದು, ಮತ್ತು ಇದಕ್ಕೆ ಹೊಸಬರು ಕೊಡುವ ಸಮಯ ಬಹಳ ಕಡಿಮೆ. ನಮ್ಮಲ್ಲೇ ನೋಡಿ: ಕಾಮಾಲೆ ಎಂದೊಡನೆ ಕಣ್ಣು ಹಳದಿಯಾಗುವುದು, ಪಥ್ಯ, ಹಳ್ಳಿಯ ಔಷಧಿ ನೆನಪಾಗುತ್ತವೆ. ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ ಹೆಚ್ಚಿನವರ ಕಣ್ಣು ಹಳದಿಯಾಗುವುದೇ ಇಲ್ಲ. ಹೀಗಿರುವಾಗ ‘ನಿಮಗೆ ಕಾಮಾಲೆ ಇದೆ’ ಎಂದರೆ ಕೇಳಿದವರಿಗೆ ಸುಳ್ಳಿನಂತೆ ತೋರುತ್ತದೆ. ಇದೇ ತೊಡಕು ಬೇರೆ ಭಾಷೆಗಳಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತದೆ. ನಾರ್ದರ್ನ್ ಟೆರಿಟರಿಯ ಡಾರ್ವಿನ್ ನಗರದ ಮೆಂಝೀಸ್ ಆರೋಗ್ಯ ಸಂಶೋಧನಾ ಶಾಲೆಯವರು ದೂರದ ಊರುಗಳ ಜನರನ್ನು ಮಾತಾಡಿಸಿ, ಅವರಿಗೆ ಈ ಕಾಯಿಲೆಯ ವಿಷಯ ಅವರದೇ ಮಾತಿನಲ್ಲಿ ಬೇಕಾಗಿದೆ ಎಂದು ಅರಿತ ಮೇಲೆ, ಸಮುದಾಯದವರೊಂದಿಗೆ ಕೂಡಿ ಅಲ್ಲಿನ ಯೋಲ್ಙು ಜನರ ಯೋಲ್ಙು ಮಾತಾ ಭಾಷೆಯಲ್ಲಿ ಚಿತ್ರಸಹಿತವಾದ ಆ್ಯಪ್ ಒಂದನ್ನು ರೂಪಿಸಿದರು. ಅದು ಆಮೇಲೆ ಇತರ ಮೂಲನಿವಾಸಿ ಭಾಷೆಗಳಿಗೂ ಬಂತು. ನೀವು ಕೂಡ ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಅನುವಾದಕ್ಕೆ ಕೊಡಬೇಡಿ. ಸಮುದಾಯದ ಆರೋಗ್ಯ ಕಾರ್ಯಕರ್ತರನ್ನು ಸಂಬಳ ಕೊಟ್ಟು ಮೊದಲ ದಿನದಿಂದಲೇ ಜೊತೆಗಿಟ್ಟುಕೊಂಡು, ಮಾತು ಅವರ ಬಾಯಿಂದ ಹೊರಡುವಂತೆ ಮಾಡಿ.

ಹೊಸದಾಗಿ ಸೂಜಿ ಚುಚ್ಚುವ ಮೊದಲು ಹಳೆಯ ದಾಖಲೆಗಳನ್ನು ಹುಡುಕಿರಿ. ನಾರ್ದರ್ನ್ ಟೆರಿಟರಿಯ ‘ಹೆಪ್ ಬಿ ಪಾಸ್ಟ್’ ಕಾರ್ಯಕ್ರಮದಲ್ಲಿ, ಒಬ್ಬೊಬ್ಬರ ಹಿಂದಿನ ರಕ್ತಪರೀಕ್ಷೆ ಮತ್ತು ಲಸಿಕೆಯ ವಿವರಗಳನ್ನು ಒಟ್ಟುಗೂಡಿಸಿ, ಯಾರಿಗೆ ಸೋಂಕಿದೆ, ಯಾರಿಗೆ ರಕ್ಷಣೆಯಿದೆ, ಯಾರ ಸ್ಥಿತಿ ಇನ್ನೂ ತಿಳಿಯಬೇಕಿದೆ ಎಂದು ವಿಂಗಡಿಸಿದರು. ತಿಳಿಯದೆ ಉಳಿದವರಿಗೆ ಮಾತ್ರ ಮೂರು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿ: ಎಚ್‌ಬಿಎಸ್‌ಎಜಿ, ಕೋರ್ ಪ್ರತಿಕಾಯ (ಎಂದಾದರೂ ಸೋಂಕು ತಗುಲಿತ್ತೇ ಎಂದು ತೋರಿಸುವುದು) ಮತ್ತು ಮೇಲ್ಮೈ ಪ್ರತಿಕಾಯ (ರಕ್ಷಣೆ ಇದೆಯೇ ಎಂದು ತೋರಿಸುವುದು). ಎಚ್‌ಬಿಎಸ್‌ಎಜಿ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದು ದೀರ್ಘಕಾಲದ ಸೋಂಕು. ಹುಟ್ಟಿನ ಹೊತ್ತಿಗೆ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90 ಶೇಕಡಾ ಮಂದಿಯಲ್ಲಿ ಅದು ಉಳಿದುಬಿಡುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಹಾಗೆ ಉಳಿಯುವುದು 5 ಶೇಕಡಾಕ್ಕಿಂತ ಕಡಿಮೆ. ಈ ಕಾರಣದಿಂದ ಒಬ್ಬರಲ್ಲಿ ಸೋಂಕು ಕಂಡರೆ ಅವರ ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳನ್ನೂ ವಿಚಾರಿಸಬೇಕು. ಆದರೆ ತಾಯಿಯ ಮೇಲೆ ತಪ್ಪು ಹೊರಿಸಿದಂತೆ ಕೇಳಿಸುವ ಒಂದು ಮಾತೂ ಬರಬಾರದು.

ವೈರಸ್ಸಿನ ತಳಿಯನ್ನು (ಜೀನೋಟೈಪ್) ಗುರುತಿಸುವುದನ್ನು ಐಚ್ಛಿಕ ಎಂದು ಬಿಡಬೇಡಿ. ಆಸ್ಟ್ರೇಲಿಯಾದ ಉತ್ತರದ ಮೂಲನಿವಾಸಿಗಳಲ್ಲಿ ಕಾಣುವ ಸಿ4 ಎಂಬ ಉಪತಳಿ ಅವರಲ್ಲಿ ಮಾತ್ರ ಇದೆ. ಅದರ ಮೇಲ್ಮೈ ಪ್ರತಿಜನಕದ ಬಗೆ ಲಸಿಕೆಯಲ್ಲಿ ಬಳಸಿದ ಬಗೆಗಿಂತ ಬೇರೆಯಾದ್ದರಿಂದ, ಲಸಿಕೆ ಅಲ್ಲಿ ಎಷ್ಟು ಪೂರ್ಣವಾಗಿ ಕಾಯುತ್ತದೆ ಎಂಬುದೇ ಒಂದು ಸಂಶೋಧನಾ ಪ್ರಶ್ನೆಯಾಯಿತು. ಅಲಾಸ್ಕದಲ್ಲಿ ಎಫ್ ತಳಿಯು ಚಿಕ್ಕ ವಯಸ್ಸಿನವರಲ್ಲೂ ಯಕೃತ್ತಿನ ಕ್ಯಾನ್ಸರಿನೊಂದಿಗೆ ಸೇರಿಕೊಂಡಿರುವುದು ಕಂಡುಬಂದಿದೆ. ಬೇರೆ ಖಂಡದ ಅಂಕಿಗಳಿಂದ ತೆಗೆದ ಕ್ಯಾನ್ಸರ್ ತಪಾಸಣೆಯ ವಯೋಮಿತಿಯನ್ನು ಹಾಗೆಯೇ ತಂದು ಇಲ್ಲಿ ಹಾಕಿದರೆ ಇಂಥ ಯುವಕರು ಕೈತಪ್ಪಿ ಹೋಗುತ್ತಾರೆ.

ಕ್ಯಾನ್ಸರ್ ತಪಾಸಣೆಯ ಅಧ್ಯಯನವನ್ನು ರೂಪಿಸುವವರಿಗೆ ಅಲಾಸ್ಕದಷ್ಟು ಒಳ್ಳೆಯ ಪಾಠ ಬೇರೆಲ್ಲೂ ಸಿಗದು ಎಂದು ನನ್ನ ಅಭಿಪ್ರಾಯ. 1980ರ ದಶಕದ ಆರಂಭದಲ್ಲಿ, ರಸ್ತೆಯೇ ಇಲ್ಲದ ಹಳ್ಳಿಗಳಿಗೆ ಸ್ಕ್ಯಾನ್ ಯಂತ್ರ ಒಯ್ಯುವುದು ಕಷ್ಟ, ರಕ್ತದ ಕೊಳವೆಯನ್ನು ಕಳಿಸುವುದು ಸಾಧ್ಯ. ಹಾಗಾಗಿ ಅಲ್ಲಿನ ವೈದ್ಯ ಬ್ರಯಾನ್ ಮೆಕ್‌ಮಾಹನ್ ಮತ್ತು ಅವರ ತಂಡ ಸೋಂಕಿತರ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ, ಯಕೃತ್ತಿನ ಗೆಡ್ಡೆಯಿದ್ದರೆ ಏರಬಹುದಾದ ಪ್ರೋಟೀನಿನ ಪ್ರಮಾಣವನ್ನು ಆರಾರು ತಿಂಗಳಿಗೊಮ್ಮೆ ನೋಡಿ, ಏರಿದವರನ್ನು ಸ್ಕ್ಯಾನಿಗೆ ಕರೆಸುವ ಕ್ರಮವನ್ನು ಇಟ್ಟುಕೊಂಡಿತು. 16 ವರ್ಷಗಳಲ್ಲಿ 1487 ಜನರನ್ನು ಹೀಗೆ ಹಿಂಬಾಲಿಸಿ, ಹಲವರ ಗೆಡ್ಡೆಯನ್ನು ಶಸ್ತ್ರಚಿಕಿತ್ಸೆಗೆ ಒದಗುವ ಹಂತದಲ್ಲೇ ಹಿಡಿಯಿತು. ಇಂದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡುವುದೇ ಮುಖ್ಯ ವಿಧಾನ. ಸಿರೋಸಿಸ್ (ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗುವ ಸ್ಥಿತಿ) ಇದ್ದವರಿಗೆ ಅದು ಬೇಕೇ ಬೇಕು. ಆದರೆ ಹೆಪಟೈಟಿಸ್ ಬಿ ಇದ್ದವರಲ್ಲಿ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದಾದ್ದರಿಂದ, ಆಸ್ಟ್ರೇಲಿಯಾದ ಮಾರ್ಗಸೂಚಿ 50 ದಾಟಿದ ಸೋಂಕಿತ ಮೂಲನಿವಾಸಿಗಳನ್ನೂ ತಪಾಸಣೆಗೆ ಸೇರಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಗೆಡ್ಡೆಯನ್ನು ಬೇಗ ಕಂಡುಹಿಡಿದರೆ, ಆಯುಷ್ಯ ಒಂದು ದಿನವೂ ಹೆಚ್ಚದಿದ್ದರೂ, ರೋಗ ಗೊತ್ತಾದ ಮೇಲೆ ಬದುಕಿದ ಅವಧಿ ಉದ್ದವಾಗಿ ಕಾಣುತ್ತದೆ. ಆದ್ದರಿಂದ ಅದೊಂದನ್ನೇ ಅಳೆಯದೆ, ಕ್ಯಾನ್ಸರ್ ನೋಂದಣಿ ಮತ್ತು ಮರಣ ನೋಂದಣಿಗಳೊಂದಿಗೆ ನಿಮ್ಮ ಪಟ್ಟಿಯನ್ನು ಜೋಡಿಸಿ, ಇಡೀ ಸೋಂಕಿತ ಸಮೂಹದ ಸಾವಿನ ಪ್ರಮಾಣವನ್ನು ನೋಡಿರಿ. ಮತ್ತೊಂದು ಇನ್ನೂ ಗಂಭೀರವಾದದ್ದು. ಸ್ಕ್ಯಾನಿನಲ್ಲಿ ಗೆಡ್ಡೆ ಕಂಡವರನ್ನು ನೂರಾರು ಕಿಲೋಮೀಟರ್ ದೂರದ ಆಸ್ಪತ್ರೆಗೆ ಸೇರಿಸುವ ವಿಮಾನ, ಜೊತೆಗೆ ಹೋಗುವ ಬಂಧು, ಅಲ್ಲಿ ಉಳಿಯುವ ವ್ಯವಸ್ಥೆ, ಇವು ಮೂರೂ ಖಚಿತವಾಗುವವರೆಗೆ ತಪಾಸಣೆಯನ್ನು ಆರಂಭಿಸಲೇಬೇಡಿ. ದಾರಿ ತೋರಿಸದೆ ರೋಗದ ಹೆಸರು ಹೇಳಿ ಬರುವುದು ಅನ್ಯಾಯ.

ತಡೆಯುವ ಕೆಲಸವನ್ನೂ ಅಧ್ಯಯನದೊಳಗೇ ಸೇರಿಸಿ. ಅಲಾಸ್ಕದಲ್ಲಿ 1981ರಲ್ಲಿ 1578 ಮೂಲನಿವಾಸಿಗಳಿಗೆ ಲಸಿಕೆ ಕೊಟ್ಟು ದಶಕಗಳ ಕಾಲ ಹಿಂಬಾಲಿಸಿದಾಗ, 30 ವರ್ಷಗಳ ಬಳಿಕವೂ ಹೆಚ್ಚಿನವರಲ್ಲಿ ರಕ್ಷಣೆಯ ಕುರುಹು ಉಳಿದಿತ್ತು. ನವಜಾತ ಶಿಶುಗಳಿಗೆಲ್ಲ ಲಸಿಕೆ ಹಾಕತೊಡಗಿದ ಮೇಲೆ, 20 ವರ್ಷದೊಳಗಿನ ಅಲಾಸ್ಕ ಮೂಲನಿವಾಸಿಗಳಲ್ಲಿ 1999ರ ನಂತರ ಯಕೃತ್ತಿನ ಕ್ಯಾನ್ಸರಿನ ಒಂದು ಪ್ರಕರಣವೂ ಕಂಡಿಲ್ಲವೆಂದು 2011ರಲ್ಲಿ ವರದಿಯಾಯಿತು. ಮಕ್ಕಳ ಈ ಕ್ಯಾನ್ಸರ್ ಒಂದು ಜನಾಂಗದಿಂದಲೇ ಅಳಿಸಿಹೋದ ಈ ಸಂಗತಿಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಫಲಿತಾಂಶ ಸಿದ್ಧವಾದಾಗ ಅದನ್ನು ಪತ್ರಿಕೆಗೆ ಕಳಿಸುವ ಮೊದಲು ಊರಿನ ಸಭೆಯಲ್ಲಿ ಹೇಳಿರಿ. ಸಮುದಾಯದ ಹೆಸರನ್ನು ಅಚ್ಚಿನಲ್ಲಿ ಹಾಕಬೇಕೇ ಬೇಡವೇ ಎಂಬುದನ್ನು ಅವರೇ ತೀರ್ಮಾನಿಸಲಿ. ಸಣ್ಣ ಊರಿನಲ್ಲಿ ಮೂವರು ಸೋಂಕಿತರು ಎಂದು ಬರೆದರೆ ಆ ಮೂವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಒಬ್ಬೊಬ್ಬರ ಫಲಿತಾಂಶವನ್ನು ಅವರ ಕೈಗೇ ಕೊಟ್ಟು, ಅದು ಊರಿನ ಚಿಕಿತ್ಸಾಲಯದ ದಾಖಲೆಗೆ ಸೇರಿತೇ ಎಂದು ನೋಡಿಕೊಳ್ಳಿ. ಉಳಿದ ರಕ್ತದ ಮಾದರಿಗಳನ್ನು ಇಟ್ಟುಕೊಳ್ಳುವುದೋ, ಹಿಂದಿರುಗಿಸುವುದೋ, ನಾಶಮಾಡುವುದೋ ಎಂದು ಅದೇ ಸಭೆಯಲ್ಲಿ ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ದಾಖಲಿಸಿ, ಅದರಂತೆ ನಡೆದ ಮೇಲೆ ಅವರಿಗೆ ತಿಳಿಸಿರಿ.